ಅಂದಾಜು ಪಟ್ಟಿ

ದಿಂಡು ಎತ್ತುವಾಗ ಏನೋ ಜಾರಿತು,
ತೊಡೆಸಂದಿನಲ್ಲಿ, ನಿಂಬೆಹಣ್ಣಿನಷ್ಟು.
ಮಲಗಿದರೆ ಒಳಗೆ. ಕೆಮ್ಮಿದರೆ ಹಾಜರು,
ಮೀಟರ್ ಓದುವವನ ಹಾಗೆ, ಕರೆಯದಿದ್ದರೂ.
ಎರಡು ವರ್ಷ ಅಂಗೈಯಲ್ಲಿ ಅದನ್ನು ಒತ್ತಿಕೊಂಡೇ
ಕಬ್ಬನ್‌ಪೇಟೆಯ ಓಣಿಯಲ್ಲಿ ನಾಲ್ಕು ಮಗ್ಗ ಓಡಿಸಿದೆ.

ಹರಿದದ್ದರ ವಿಷಯ ನನಗೆ ಯಾರೂ ಹೇಳಿಕೊಡಬೇಕಿಲ್ಲ.
ಎಳೆ ಸವೆದ ಕಡೆಗೆ ಬೆರಳು ತಾನಾಗಿ ಹೋಗುತ್ತದೆ.

ಕನಕಪುರ ರಸ್ತೆಯ ಆಸ್ಪತ್ರೆ. ಲಾಬಿಯ ಟೀವಿಯಲ್ಲಿ
ಉಕ್ಕಿನ ತೋಳುಗಳು
ಒಂದು ದ್ರಾಕ್ಷಿಯ ಸಿಪ್ಪೆಗೆ ಹೊಲಿಗೆ ಹಾಕುತ್ತಿದ್ದವು.
ಸುಳ್ಳು ಯಾಕೆ, ಹೊಲಿಗೆ ಚೆನ್ನಾಗಿತ್ತು.
ಗಂಟು ಗಂಟಿಗೂ ಒಂದೇ ಅಂತರ;
ಅಪ್ಪ ಇದ್ದಿದ್ದರೆ ಕನ್ನಡಕ ಏರಿಸಿ ನೋಡುತ್ತಿದ್ದ.
ಶಾಕಾಂಬರಿ ಮಾತ್ರ,
"ದ್ರಾಕ್ಷಿಯ ಬಿಲ್ಲು ಯಾರು ಕಟ್ಟಿದ್ರು?" ಅಂದಳು.

ಕೌಂಟರಿನ ಹುಡುಗಿ ಮೂರು ಹಾಳೆ ಹರವಿದಳು,
ಸೀರೆ ಅಂಗಡಿಯವಳ ಹಾಗೆ, ಒಂದರ ಮೇಲೊಂದು.
ತೆರೆದು ಮಾಡಿದರೆ ಎಪ್ಪತ್ತು ಸಾವಿರ.
ದುರ್ಬೀನಿನಲ್ಲಿ ಒಂದು ಲಕ್ಷ ಇಪ್ಪತ್ತು.
ರೋಬೋಟಿನಲ್ಲಿ ಎರಡು ಲಕ್ಷ ಅರವತ್ತು, "ಇದು ಪ್ರೀಮಿಯಂ, ಸರ್."
ವಿಮೆ ಇದೆ. ರೋಬೋಟಿನ ಹತ್ತಿರ ಬಂದಾಗ ಅದಕ್ಕೊಂದು ಮಿತಿ,
ಸಣ್ಣಕ್ಷರದಲ್ಲಿ,
ಜರಿಯ ಕೆಳಗೆ ಬಚ್ಚಿಟ್ಟ ಹತ್ತಿನೂಲಿನ ಹಾಗೆ.

ಡಾಕ್ಟರ್ ತಸ್ನೀಮ್ ಮುಚ್ಚುಮರೆಯವರಲ್ಲ.
"ಅದು ತಾನಾಗಿ ಏನೂ ಮಾಡಲ್ಲ ಚೌಡಪ್ಪನವರೇ,
ಮೂಲೆಯಲ್ಲಿ ಕೂತು ನಾನೇ ಆಡಿಸೋದು.
ನನ್ನ ಮಣಿಕಟ್ಟು ತಿರುಗದ ಕಡೆ ಅದರದು ತಿರುಗುತ್ತೆ.
ಹೊಲಿದದ್ದು ಮತ್ತೆ ಬಿಚ್ಚಿಕೊಂಡು, ಗೋಡೆಯೇ ಅಗಲಕ್ಕೆ ಸೀಳಿ
ಯಾರಾದರೂ ಬಂದರೆ, ನಾನೇ ಕೇಳಿ ಅದನ್ನ ತಗೋತೀನಿ.
ನಿಮ್ಮದು ಒಂದೇ ಕಡೆ. ಮೊದಲ ಸಲ. ಚಿಕ್ಕದು."
"ತಡೆಯೋದು?"
"ತಡೆಯೋದು ಜಾಲರಿ. ನೆಟ್ಟಗೆ ಇಟ್ಟರೆ ಸಾಕು."
ಆಮೇಲೆ ಕುತ್ತಿಗೆಯ ಹಿಂದೆ ಕೈ ಹಾಕಿ ಒತ್ತಿಕೊಂಡರು.
"ಬಗ್ಗಿ ಬಗ್ಗಿ ನನಗೂ ನೋವು. ಕೂತು ಮಾಡೋದು ನನಗೂ ಆರಾಮ.
ಅದನ್ನೂ ಲೆಕ್ಕಕ್ಕೆ ಹಾಕಬೇಕು. ನಿಮ್ಮ ಜೇಬಿನಿಂದ ಅಲ್ಲ."

ಮೆಟ್ರೋದಲ್ಲಿ, ಪಟ್ಟಿಯ ಬೆನ್ನ ಮೇಲೆ ಬರೆದೆ:
ಮಗ್ಗ ನಿಂತರೆ ದಿನಕ್ಕೆ ಹನ್ನೊಂದು ನೂರು.
ರೋಬೋಟು ಹತ್ತು ದಿನ ಮೊದಲೇ ಎಬ್ಬಿಸಿತು ಅನ್ನಿ,
ಉಳಿದದ್ದು ಹನ್ನೊಂದು ಸಾವಿರ.
ಕೊಡಬೇಕಾದ್ದು ಒಂದು ಲಕ್ಷ ತೊಂಬತ್ತು, ಹೆಚ್ಚುವರಿ.
ನೋವಿನ ಮುಂದೆ ಜಾಗ ಖಾಲಿ ಬಿಟ್ಟೆ. ದರ ಗೊತ್ತಿರಲಿಲ್ಲ.

ತಮಾಷೆ ನೋಡಿ.
ಗುಂಡಿಮಗ್ಗ ಮುಚ್ಚಿ ಅಪ್ಪ ಕರೆಂಟಿನ ಮಗ್ಗ ತಂದಾಗ
ಪಕ್ಕದ ಸಂಜೀವಯ್ಯ ಎರಡು ವರ್ಷ ಮಾತು ಬಿಟ್ಟಿದ್ದ.
"ಯಾವುದರಲ್ಲಿ ನೇಯ್ದರೇನು, ಬಟ್ಟೆ ಬಟ್ಟೆಯೇ" ಅಂದಿದ್ದ ಅಪ್ಪ.
ಈಗ ಚಿಕ್ಕಪೇಟೆಯಲ್ಲಿ
ಸೀರೆಗೆ ಕೈ ತಾಕಿದ್ದರೆ ಬೆಲೆ ಹೆಚ್ಚು.
ಕನಕಪುರ ರಸ್ತೆಯಲ್ಲಿ
ಹೊಟ್ಟೆಗೆ ಕೈ ತಾಕದಿದ್ದರೆ.

ಗುರುವಾರ. ತೆರೆದೇ.
ಸೊಂಟದ ಕೆಳಗೆ ಮರಗಟ್ಟಿತ್ತು, ತಲೆ ಎಚ್ಚರ.
"ಆ ಜಾಲರಿ ಒಮ್ಮೆ ತೋರಿಸ್ತೀರಾ?"
ದೀಪಕ್ಕೆ ಹಿಡಿದರು. ಅಂಗೈಯಷ್ಟು, ಬಿಳಿ, ಮೈಯೆಲ್ಲ ಕಣ್ಣು.
ಹಾಸು ಹುಡುಕಿದೆ, ಹೊಕ್ಕು ಹುಡುಕಿದೆ.
"ಇದು ನೇಯ್ದದ್ದಲ್ಲ ಡಾಕ್ಟ್ರೇ, ಹೆಣೆದದ್ದು."
ಮಾಸ್ಕಿನ ಮೇಲೆ ಹುಬ್ಬು ಎದ್ದಿತು.
"ಇಷ್ಟು ವರ್ಷದಲ್ಲಿ ಯಾರೂ ಹೇಳಿರಲಿಲ್ಲ."

ನೂಲಿನ ವ್ಯಾಪಾರಿ ಗುಲೇಚಾಗೆ ಎರಡೂ ಕಡೆ, ರೋಬೋಟಿನಲ್ಲೇ.
ಎಂಟನೇ ದಿನ ಗಲ್ಲಾದ ಮುಂದೆ ಕೂತು
ಅಂಗಿ ಎತ್ತಿ ತೋರಿಸಿದ: ಮೂರು ಚುಕ್ಕೆ, ಸಾಸಿವೆ ಸಿಡಿದಂತೆ.
ನನಗೆ ಹೊಟ್ಟೆಕಿಚ್ಚಾಯಿತು,
ಅದೂ ಇನ್ನೂ ಕೂಡಿಕೊಳ್ಳದ ಹೊಟ್ಟೆಯಲ್ಲಿ.

ಈಗ ಐದನೇ ವಾರ. ನಿನ್ನೆ ಮಗ್ಗದ ಪಕ್ಕ ನಿಂತು
ಬೇಕೆಂದೇ ಕೆಮ್ಮಿದೆ.
ಯಾರೂ ಹಾಜರಾಗಲಿಲ್ಲ.
ದಿಂಡನ್ನು ಮಾತ್ರ ಇನ್ನೂ ಅಳಿಯ ಎತ್ತುತ್ತಾನೆ,
ಉಸಿರು ಬಿಗಿಹಿಡಿದು, ನಾನು ಎತ್ತುತ್ತಿದ್ದ ಹಾಗೆಯೇ.