ನಾಲ್ಕನೇ ಮೂಲೆ

ಗೌರಿಬಿದನೂರಿನ ಹೊರಗೆ, ಕುಡುಮಲಕುಂಟೆಯ ಶೆಡ್ಡಿನಲ್ಲಿ
ಇನ್ನೂ ಹತ್ತು ಗಂಟೆಯಾಗಿಲ್ಲ,
ಆಗಲೇ ಮೂರು ತುದಿ ಮುರಿದು ಕೂತಿದ್ದೇನೆ.

ಸೇಲ್ಸಿನವನು ಬಿಟ್ಟುಹೋದ ಪುಸ್ತಕದಲ್ಲಿ
ಉಕ್ಕಿಗೆ ನೀಲಿ, ಸ್ಟೇನ್‌ಲೆಸ್ಸಿಗೆ ಹಳದಿ, ಬೀಡಿಗೆ ಕೆಂಪು.
ಚಿನ್ನದ ಬಣ್ಣ ಬಳಿದ ಕಲ್ಲುಸಕ್ಕರೆ ಚೂರುಗಳು,
ಒಂದೊಂದಕ್ಕೂ ನನ್ನ ಅರ್ಧ ದಿನದ ಕೂಲಿ.

‘ಎಲ್ಲಕ್ಕಿಂತ ಗಟ್ಟಿ ಇದೇ ಮೇಡಂ’ ಅಂದಿದ್ದ.
ಗಟ್ಟಿಯೇನೋ ನಿಜ.
ಆದರೆ ಈ ಶಾಫ್ಟಿನ ಮೈಯುದ್ದಕ್ಕೂ ಕೀವೇ ಸೀಳಿದೆ,
ಸುತ್ತಿಗೊಮ್ಮೆ ತುದಿ ಗಾಳಿಗೆ ಬಿದ್ದು
ಮತ್ತೆ ಉಕ್ಕಿಗೆ ಹಾಯುತ್ತದೆ, ಟಕ್, ಟಕ್,
ತಡರಾತ್ರಿ ಬಂದ ಅಣ್ಣ ಬಾಗಿಲು ತಟ್ಟಿದ ಹಾಗೆ.

ಅಂಜಿನಪ್ಪ ಮೇಸ್ತ್ರಿ ಪುಸ್ತಕ ಮುಟ್ಟಿದವರಲ್ಲ.
ಟ್ರೇಯಿಂದ ಒಂದು ಸುರುಳಿ ಎತ್ತಿ ನೋಡೋರು:
ಕನ್ನಡದ ಒಂಬತ್ತಿನ ಹಾಗೆ ಮುರಿದಿದ್ದರೆ ಸರಿ,
ರಿಬ್ಬನ್ನಿನ ಹಾಗೆ ಎಳೆದಿದ್ದರೆ ಬೈಗುಳ.
ನೀಲಿಗಟ್ಟಿದ್ದರೆ, ‘ಬಿಸಿಯೆಲ್ಲ ಅದರ ಜೊತೆಗೇ ಹೋಯ್ತು, ಬಿಡು.’

‘ಸವೆಯದ್ದು ಬೇಕೋ, ಏಟು ತಿನ್ನೋದು ಬೇಕೋ?
ಎರಡೂ ಒಂದ್ರಲ್ಲೇ ಸಿಗಲ್ಲ, ಮುಬೀನಾ.’

ಡ್ರಾಯರಿನ ತಳದಲ್ಲಿ ಅವರ ನಶ್ಯದ ಡಬ್ಬಿ.
ಒಳಗೆ ಮಂಕು ಬೂದಿಯ ಒಂದೇ ಇನ್ಸರ್ಟು, ಮೂಗು ಕೊಂಚ ಮೊಂಡ,
ಮೂರು ಮೂಲೆಗೆ ಮಾರ್ಕರಿನ ಚುಕ್ಕಿ,
ನಾಲ್ಕನೆಯದು ಯಾರೂ ಮುಟ್ಟಿಲ್ಲ.

ಸ್ಪೀಡು ಇಳಿಸಿದೆ. ಸ್ಕ್ರೂ ಬಿಗಿದೆ.
ಟಕ್ ಟಕ್ ನಿಂತಿಲ್ಲ, ತುದಿ ನಿಂತಿದೆ.
ಟ್ರೇಯಲ್ಲಿ ಒಂಬತ್ತು, ಒಂಬತ್ತು, ಒಂಬತ್ತು.

ಹನ್ನೊಂದು ಶಾಫ್ಟಾದ ಮೇಲೆ ಬಿಚ್ಚಿ
ಕೊನೆಯ ಚುಕ್ಕಿ ಇಟ್ಟೆ.
ಇಂಥವೇ ಹತ್ತು ತರಿಸಿ ಅಂತ ಓನರಿಗೆ ಹೇಳಬೇಕು.

ಮುಚ್ಚಳದ ಮೇಲೆ ಪೆನ್ಸಿಲ್ಲಿನಲ್ಲಿ ಬರೆದ ಗ್ರೇಡ್ ನಂಬರು
ನಶ್ಯದ ಬೆರಳು ತಾಗಿ ತಾಗಿ
ಅಳಿಸಿಹೋಗಿದೆ.