ಷರಾ ಕಾಲಂ

ಶಹಾಬಾದಿನ ಹಳೇ ಗೋದಾಮಿನ್ಯಾಗ
ತುಕ್ಕು ಹಿಡಿದ ತಿಜೋರಿ ಒಡೆದ್ರ ಸಿಕ್ಕದ್ದು ರೊಕ್ಕಲ್ಲ,
ಫರಸಿ ಖಣಿಯ ಹಾಜರಿ ಪುಸ್ತಕ.
ಅರ್ಧ ಉರ್ದು, ಅರ್ಧ ಕನ್ನಡ, ಪೂರಾ ಗೆದ್ದಲು.

ದಸ್ತಗೀರ ಮಾಸ್ತರು ಬಲದಿಂದ ಓದ್ತಾರ,
ನಾನು ಎಡದಿಂದ.
ನಡುವ ಒಂದು ಹೆಸರಿಗೆ ಬಂದು ಡಿಕ್ಕಿ ಹೊಡೀತೀವಿ:
ಸಾಯಬಣ್ಣ ವಲದ್ ತಿಪ್ಪಣ್ಣ.
ಅವರ ಕಡೆ ಲೂಲಾ, ನನ್ನ ಕಡೆ ಮೋಟ.
ಮಜೂರಿ ಅರ್ಧ.
ಷರಾ: ನಿಲ್.
ಏನೂ ಇಲ್ಲಂತ ಬರದಾನೋ,
ನಿಂದ್ರು ಅಂತ ಬರದಾನೋ.

ಪುಟ ತಿರುವಿದಂಗ ನಮ್ಮ ಹೆಸರೂ ತಿರುಗ್ತಾವ.
ಕುಂಟಿ ಹೋಗಿ ಅಂಗವಿಕಲೆ, ಅದೂ ಹೋಗಿ ವಿಕಲಚೇತನೆ,
ನನ್ನ ಬಸ್ ಪಾಸಿನ್ಯಾಗ ಶೇಕಡಾ ಅರವತ್ತು.
ಉಳಿದ ನಲವತ್ತು ಯಾರ ಕಿಸೆದಾಗ ಅದ ಅಂತ
ಕಲಬುರಗಿ ದವಾಖಾನಿ ಇನ್ನೂ ಹೇಳಿಲ್ಲ.

ಈ ಊರಿನ ಕಲ್ಲು ಪದರು ಪದರಾಗಿ ಏಳ್ತದ.
ಸಂದಿಗೆ ಉಳಿ ಇಟ್ಟು ಒಂದೇಟು ಹಾಕಿದ್ರ
ಪುಸ್ತಕದಂಗ ಬಿಚ್ಚಿಕೊಳ್ತದ.
ಜಗತ್ತೆಲ್ಲ ಅದರ ಮ್ಯಾಲ ಚಪ್ಪಲಿ ಹಾಕ್ಕೊಂಡು ನಡೀತದ,
ನಾನು ಎಂಟು ವರ್ಷದ ತನಕ ಅಂಗೈಲೆ ನಡದಾಕಿ.
ಪುಷ್ಯದ ಮುಂಜಾನಿ ಅದರ ಹಲ್ಲು,
ವೈಶಾಖದ ಮಧ್ಯಾಹ್ನ ಅದರ ನಾಲಿಗಿ
ನನಗ ಕೈಪಾಠ.

ಗೋದಾಮಿನ ಗೋಡಿಗೆ ಚಿತ್ರ ಬರೀರಿ ಅಂದ್ರು ನಗರಸಭೆಯವರು:
ಸೂರ್ಯ, ಪಾರಿವಾಳ, ಗಾಲಿಕುರ್ಚಿ, ನಗು.
ಖಾಜಾಬಿ ಕೇಳಿದ್ಳು, ಬಣ್ಣ ತಗೊಂಡು ನಾ ಏನ್ಮಾಡ್ಲಿ?
ಮುಟ್ಟಿದ್ರ ಸುದ್ದಿ ಹೇಳಬೇಕು ಗೋಡಿ.

ಒಡದ ಫರಸಿ ತಂದ್ವಿ, ಒಂದು ಹೆಸರಿಗೆ ಒಂದು.
ಕಿವಿ ಕೇಳದ ಮಾಳಿಂಗ ಕೆತ್ತಲಿಕ್ಕೆ ಕೂತ.
ಸುತ್ತಿಗಿ ಸಪ್ಪಳ ಅವಗ ಮೊಣಕೈಯಾಗ ಕೇಳಸ್ತದಂತ,
ಕೈಸನ್ನೆಲೆ ಹೇಳ್ದ. ಅರ್ಧ ತಿಳಕೊಂಡ್ವಿ,
ಉಳಿದರ್ಧಕ್ಕ ಚಹಾ ಕುಡದ್ವಿ.

ಸಾಯಬಣ್ಣನ ಹೆಸರಿನ ಮುಂದ ಹೆಬ್ಬೆಟ್ಟಿನ ಗುರುತು.
ಅದನ್ನ ಗಂಗಾಳದಷ್ಟು ದೊಡ್ಡದು ಮಾಡಿ
ಗೆರಿಗೆ ಗೆರಿ ಕೆತ್ತಿದ ಮಾಳಿಂಗ, ಮೂರು ವಾರ.
ಖಾಜಾಬಿ ಬಂದು ಕೈಯಾಡಿಸಿದ್ಳು.
ಮೂವತ್ತು ವರ್ಷ ಬಾಣಂತಿಯರ ಪಾದಕ್ಕ ಎಣ್ಣಿ ತಿಕ್ಕಿದ ಕೈ.
ನಿಂತ್ಳು. ಮತ್ತೊಮ್ಮೆ ಆಡಿಸಿದ್ಳು.
ಅಯ್ಯ, ಇದು ಕೈಯದಲ್ಲ!
ಇಲ್ಲಿ ನೋಡ್ರಿ, ಎಡವಿ ಎಡವಿ ಆದ ಕಲೆ.
ಇದು ಕಾಲಿನ ಹೆಬ್ಬೆರಳು.

ಮಾಸ್ತರು ಕನ್ನಡಕ ತೆಗೆದು ಒರೆಸಿದ್ರು, ಹಾಕ್ಕೊಳ್ಳಲಿಲ್ಲ.
ಎಂಬತ್ತು ವರ್ಷ ಎಲ್ಲರೂ ಕಣ್ಣಿಲೆ ಓದಿದ ಗುರುತು ಅದು.
ಎರಡೂ ಕೈ ಸಿಡಿಮದ್ದಿಗೆ ಕೊಟ್ಟವ
ಶಾಯಿಯೊಳಗ ಕಾಲದ್ದಿ ಪಗಾರ ತಗೊಂಡಾನ.
ಯಾವನೋ ಮುನ್ಶಿ ಪುಸ್ತಕ ನೆಲಕ್ಕಿಳಿಸಿ ಹಿಡದಾನ,
ಬಗ್ಗಿದವನಿಗೆ ಎರಡು ಅಕ್ಷರ ಬರಿಲಿಕ್ಕೆ ಏನಾಗಿತ್ತು?

ಈಗ ಆ ಕಲ್ಲಿನ ಬಾಜೂಕ ಒಂದು ಖಾಲಿ ಫರಸಿ ಅದ.
ಏನು ಕೆತ್ತಬೇಕಂತ ಇನ್ನೂ ಜಗಳ.
ಮಾಸ್ತರಿಗೆ ಒಂದು ಶೇರ್ ಬೇಕು,
ನನಗ ಉಳಿದರ್ಧ ಮಜೂರಿಯ ಲೆಕ್ಕ, ಬಡ್ಡಿ ಸಮೇತ.
ಮಾಳಿಂಗ ಉಳಿ ಮಸೀಲಿಕ್ಕತ್ಯಾನ.
ಖಾಜಾಬಿ ದಿನಾ ಬಂದು ಆ ಜಾಗ ಸವರಿ,
ಇನ್ನೂ ಏನೂ ಬರದಿಲ್ಲೇನ್ರೋ ಅಂತ ಬೈದು ಹೋಗ್ತಾಳ.