ಒಂದು ಕೊಂಬು

ಬಾಂಕಾ ದ್ವೀಪದಲ್ಲಿ ಇದನ್ನು ಕೋಲೊಂಗ್ ಎನ್ನುತ್ತಾರೆ.
ಕೆರೆ ಅನ್ನಲಾರೆ, ಕೆರೆಯನ್ನು ಯಾರಾದರೂ ಕಟ್ಟಿಸಿರುತ್ತಾರೆ.
ಇದು ಅಗೆದವರು ಎದ್ದುಹೋದ ಮೇಲೆ
ಮಳೆ ಬಂದು ಕೂತ ಜಾಗ.

ನೀಲಿ ಅಂದರೆ ಎಂಥ ನೀಲಿ,
ಬಿಳಿ ಅಂಗಿಗೆ ಹಾಕುವ ನೀಲಿಯ ಡಬ್ಬಿಯನ್ನೇ ಮಗುಚಿದ ಹಾಗೆ.
ನಾಲ್ಕು ಮಾರು ದಿಬ್ಬದಾಚೆ ಇನ್ನೊಂದು,
ಅದು ಹಸಿರು.
ಒಂದೇ ಮಳೆ, ಒಂದೇ ಮಣ್ಣು, ಯಾಕೆ ಹೀಗೆ?
"ಅಕ್ಕತಂಗಿಯರಲ್ಲೂ ಹಾಗೇ ಅಲ್ಲವಾ"
ಎಂದು ಮಾಸ್ನಾ
ಕೆಂಡದ ಮೇಲಿನ ಮೀನಿನ ಹಪ್ಪಳ ತಿರುವಿ ಹಾಕಿದಳು.

ಬಾಡಿಗೆ ಗೌನಿನ ಮದುಮಗಳೊಬ್ಬಳು ಬಂದಳು,
ನೆಲ ಗುಡಿಸುವ ಅಂಚಿಗೆಲ್ಲ ಸುಣ್ಣದಂಥ ಜೇಡಿ.
ಫೋಟೋದವನು: ಇನ್ನೂ ಹಿಂದೆ, ಇನ್ನೊಂಚೂರು ಹಿಂದೆ.
ಮಾಸ್ನಾ ಇಕ್ಕಳ ಎತ್ತಿ ಕೂಗಿದಳು:
ಸಾಕು! ಅಲ್ಲಿಂದಾಚೆ ನೆಲವಿಲ್ಲ.

ಅವಳಪ್ಪ ನೀರಿಗೆ ಬೆನ್ನು ಹಾಕಿ ರಸ್ತೆ ನೋಡುತ್ತ ಕೂತಿದ್ದಾನೆ.
ಇಪ್ಪತ್ತೆಂಟು ವರ್ಷ ನೀರಿನ ಪೈಪು ಹಿಡಿದು
ಇದೇ ಗೋಡೆಗಳನ್ನು ಕರಗಿಸಿದವನು.
ಅದಕ್ಕೂ ಮೊದಲು?
ಮೆಣಸು, ಎಂದ. ಬಿಳಿ ಮೆಣಸು.
ಬಳ್ಳಿ ಎಷ್ಟೆತ್ತರ ಎಂದು ಕೈಯನ್ನು ತಲೆಯ ಮೇಲೆತ್ತಿ ತೋರಿಸಿದ.
ಹೊಂಡ ಎಷ್ಟಾಳ ಎಂದಾಗ ಅದೇ ಕೈ
ಇಳಿಯಿತು, ಮೊಣಕಾಲು ದಾಟಿತು, ಬೆಂಚು ದಾಟಿತು,
ನೆಲ ತಾಗಿದ್ದರಿಂದ ನಿಂತಿತು.

ಅಷ್ಟೂ ತವರ ಎಲ್ಲಿ ಹೋಯಿತು?
ಮಾಸ್ನಾ ಇಕ್ಕಳದಿಂದಲೇ ನನ್ನ ಕೈಯ ಫೋನು ತೋರಿಸಿದಳು.
ಹೌದಲ್ಲ, ಒಳಗೆಲ್ಲೋ ತಂತಿಗೆ ತಂತಿ ಕೂಡುವಲ್ಲಿ
ಒಂದು ಹನಿ ಬೆಸುಗೆ.
ಈ ಹೊಂಡದ್ದೇ ಇರಬಹುದು. ಇಲ್ಲದೆಯೂ ಇರಬಹುದು.

ತವರ, ತವರು.
ನನ್ನ ನುಡಿಯಲ್ಲಿ ಎರಡರ ನಡುವೆ ಇರುವುದು ಒಂದು ಕೊಂಬು.
ಹೇಳೋಣವೆಂದರೆ, ಅವಳ ಭಾಷೆಯಲ್ಲಿ ನನಗೆ ಬರುವುದು
ನೂರು ಮಾತು; ಬೆಲೆ, ದಾರಿ, ಊಟ, ನೀರು.
ಹೆಣ್ಣುಮಗಳು ಮರಳಿ ಬರುವ ಮನೆ ಆ ನೂರರಲ್ಲಿಲ್ಲ.

ಸುಮ್ಮನೆ ಫೋನು ಎತ್ತಿ ಹಿಡಿದೆ.
ಸಾಸಿವೆಯಷ್ಟು ಲೋಹ,
ಯಾವ ಯಾವ ಕಾರ್ಖಾನೆ, ಯಾವ ಯಾವ ಹಡಗು ಕಂಡು,
ಈಗ ಹುಟ್ಟಿದ ಕಡೆ ಬಂದು ನಿಂತಿದೆ.
ಬಾಗಿಲಿಲ್ಲ. ಬಾಗಿಲಿಗೆ ಗೋಡೆಯಿಲ್ಲ.
ಕಾಲಿಗೆ ನೀರು ಕೊಡುವವರಿಲ್ಲ;
ನೀರೇನೋ ಬೇಕಾದಷ್ಟು.

ಪರದೆಯಲ್ಲಿ ನೀಲಿ ಇನ್ನೂ ನೀಲಿಯಾಗಿ ಕಂಡಿತು.
ಎಷ್ಟು ಹೊತ್ತು ಹಾಗೆ ಹಿಡಿದಿದ್ದೆನೋ.
ಮುದುಕ ತಿರುಗಿ ನೋಡದೆಯೇ ಹೇಳಿದ:
ಮಗಳೇ, ಹಪ್ಪಳ ಸೀಯುತ್ತಿದೆ.